ಗೋಪುರ ತಮ್ಮನದು, ಮೆಟ್ಟಿಲು ಅಕ್ಕನದು

ಬೆಟ್ಟದ ಮೇಲಿನ ಕೋಟೆಯನ್ನು ಯಾವ ಶತ್ರುವೂ ಕೆಡವಲಿಲ್ಲ. ಮನೆಯವರೇ ಇರುವಾಗ ಶತ್ರು ಯಾಕೆ ಅಷ್ಟೆತ್ತರ ಹತ್ತಿ ಬರಬೇಕು? ಊರಿನವರ ಬೆನ್ನ ಮೇಲೆ ಕಲ್ಲು ಹೊರಿಸಿ ಕಟ್ಟಿಸಿದ ದೊರೆ ಸತ್ತದ್ದೇ ತಡ, ಮಕ್ಕಳು ಪಾಲಿಗೆ ನಿಂತರು. ಅಣ್ಣನಿಗೆ ಗೋಡೆ, ತಮ್ಮನಿಗೆ ಚಾವಣಿ. ತಮ್ಮ ಸಿಟ್ಟಿನಲ್ಲಿ ಚಾವಣಿ ಕಳಚಿಕೊಂಡು ಹೋದ. ಅಣ್ಣ ಗೋಡೆ ಕೆಡವಿ ಕಲ್ಲು ಮಾರಿದ. ಬಾವಿ ಒಬ್ಬನದು, ಹಗ್ಗ ಇನ್ನೊಬ್ಬನದು. ಇಬ್ಬರೂ ಬಾಯಾರಿದರೇ ಹೊರತು ಬಗ್ಗಲಿಲ್ಲ. ತಲೆತಲಾಂತರ ಹೀಗೇ ಕಿತ್ತಾಡಿ ಕೊನೆಗೆ ಉಳಿದದ್ದು ಒಂದೇ ಗೋಪುರ. ಅದು ತಮ್ಮನ ಕವಲಿಗೆ. ಅದರೊಳಗಿನ ಮೆಟ್ಟಿಲು ಅಣ್ಣನ ಕವಲಿಗೆ!

ಗೋಪುರದ ಈಗಿನ ಒಡೆಯ ಪಂಕ್ಚರ್ ಹಾಕುವವನು. ಉಗುರಿನ ಸಂದಿಯಲ್ಲಿ ಟ್ಯೂಬಿನ ಕಪ್ಪು, ಮೂಗಿನ ತುದಿಯಲ್ಲಿ ವಂಶದ ಸಿಟ್ಟು. ಊರು ಅವನನ್ನು ದೊರೆ ಎಂದು ಕರೆಯುತ್ತಿತ್ತು. ಅದು ಗೇಲಿ ಎಂದು ಅವನೊಬ್ಬನಿಗೇ ಗೊತ್ತಿರಲಿಲ್ಲ. ಮೆಟ್ಟಿಲಿನ ಒಡತಿ ಅವನ ದಾಯಾದಿ ಅಕ್ಕ. ಮೆಟ್ಟಿಲ ಬುಡದಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಇಬ್ಬರಿಗೂ ಮಾತಿಲ್ಲ. ದೊರೆ ತನ್ನ ಗೋಪುರಕ್ಕೆ ಹೊರಗಿನಿಂದ ಏಣಿ ಹಾಕಿ ಕಳ್ಳನ ಹಾಗೆ ಹತ್ತುತ್ತಿದ್ದ.

ಅವನಿಗೆ ಬೇಕರಿಯ ಹುಡುಗಿಯ ಮೇಲೆ ಪ್ರಾಣ. ಅವಳಪ್ಪ ಲಾರಿ ಡ್ರೈವರು. "ಗೋಪುರದ ಒಡೆಯ ಅಂತೀಯಲ್ಲ, ತೋರ್ಸು. ಆಮೇಲೆ ಮದುವೆ ಮಾತು" ಎಂದಿದ್ದ.

ಭಾನುವಾರ ದೊರೆ ಇಸ್ತ್ರಿ ಅಂಗಿ ತೊಟ್ಟು ಇಬ್ಬರನ್ನೂ ಏಣಿ ಹತ್ತಿಸಿದ. ಡ್ರೈವರನ ಹೊಟ್ಟೆ ಗೋಪುರದ ಕಟ್ಟೆಯ ಮೇಲೆ ಬರುವುದಕ್ಕೂ ಏಣಿ ಲಟ್ಟನೆ ಮುರಿದು ಕೆಳಗೆ ಬೀಳುವುದಕ್ಕೂ ಸರಿಹೋಯಿತು.

"ಇಲ್ಲೇ ಮೆಟ್ಟಿಲಿದೆಯಲ್ಲಪ್ಪಾ!" ಎಂದ ಡ್ರೈವರು, ಬೆವರು ಒರೆಸಿಕೊಳ್ಳುತ್ತ.

"ಅದು ನಮ್ಮದಲ್ಲ ಮಾವ."

"ಯಾರದಾದ್ರೆ ನನಗೇನು? ಮೊದಲು ಇಳಿಯೋದು ನೋಡ್ತೀನಿ. ಇನ್ನೂ ಮಾವ ಅನ್ಬೇಡ." ಅವನು ಧಡಧಡ ಇಳಿದೇಬಿಟ್ಟ. ಕೆಳಗೆ ಅಕ್ಕ ಸ್ಟೂಲು ಎಳೆದು ಕೂರಿಸಿದ್ದು ಮೇಲಕ್ಕೂ ಕೇಳಿಸಿತು.

"ಬಾ" ಎಂದಳು ಹುಡುಗಿ.

"ನಾನು ಇಳಿಯಲ್ಲ. ನಮ್ಮ ವಂಶದಲ್ಲಿ ಯಾರೂ ಇದರ ಮೇಲೆ ಕಾಲಿಟ್ಟಿಲ್ಲ."

"ಹಾಗಾದ್ರೆ ವಂಶದ ಜೊತೇನೇ ಸಂಸಾರ ಮಾಡು." ಅವಳೂ ಇಳಿದಳು.

ದೊರೆ ಒಬ್ಬನೇ ಉಳಿದ. ಸುತ್ತ ಗಾಳಿ, ತಲೆಯ ಮೇಲೆ ಪಾರಿವಾಳ, ಇಸ್ತ್ರಿ ಅಂಗಿಯ ಮೇಲೆ ಪಾರಿವಾಳದ ಆಶೀರ್ವಾದ. ಕೆಳಗೆ ಮೂವರೂ ನಗುತ್ತಿದ್ದರು. ಹುಡುಗಿ ಹೊರಡಲು ಚಪ್ಪಲಿ ಮೆಟ್ಟಿದ ಸದ್ದಾಯಿತು. ಅವನು ಮೆಟ್ಟಿಲ ಬಾಯಿಗೆ ಬಗ್ಗಿದ.

"ಅಕ್ಕಾ!" ಎಂದು ಕೂಗಿದ. "ಇಳೀಲಾ?"

ಮೆಷಿನ್ ನಿಂತಿತು.

"ಅದನ್ನ ಕೇಳೋಕೆ ಇಷ್ಟು ತಲೆಮಾರು ಬೇಕಾಯ್ತೇನೋ ಮುಂಡೇದೆ? ಬಾ. ನಿನ್ನ ಗೋಪುರದ ಪಾರಿವಾಳ ನನ್ನ ಮೆಟ್ಟಿಲೆಲ್ಲ ಗಲೀಜು ಮಾಡಿವೆ. ಗುಡಿಸ್ಕೊಂಡೇ ಬಾ!"

ಮೇಲಕ್ಕೆ ಪೊರಕೆ ತಂದುಕೊಟ್ಟವಳು ಹುಡುಗಿಯೇ. ದೊರೆ ಸೊಂಟ ಬಗ್ಗಿಸಿ, ಹಲ್ಲು ಕಚ್ಚಿ, ಒಂದೊಂದೇ ಮೆಟ್ಟಿಲು ಗುಡಿಸುತ್ತ ಇಳಿಯತೊಡಗಿದ. ಅವನಿಗೆ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಇಳಿಯುತ್ತಿದ್ದ ಹುಡುಗಿ ಬೆರಳು ತೋರಿಸಿದಳು.

"ಆ ಮೂಲೆ ಬಿಟ್ಟೆ ನೋಡು."

ದೊರೆ ಒಂದು ಮೆಟ್ಟಿಲು ವಾಪಸ್ಸು ಹತ್ತಿದ.