ಬೆಳಕು ಸೋರುವ ಕನ್ನಡಿ

ಸೂರ್ಯ ಎಂದೂ ಹಣಕದ ಕಂದಕವೊಂದರ ಅಂಚಿನಲ್ಲಿ ಕೊಳವೆಯಂಥ ಪಟ್ಟಣವಿತ್ತು. ಎರಡು ತುದಿಗೂ ಕನ್ನಡಿ, ನಡುವೆ ಗಾಳಿಯಷ್ಟು ಹಗುರವಾದ ಮಂದಿ. ಗೋಡೆಯೊಳಗೆ ಭಾರದ ಹಿರಿಯರು ಕೂತಿದ್ದರು. ಹೊರಗಿನ ಮೌನಿ ಅತಿಥಿಯೊಬ್ಬ ಬಂದು ತಾಕಿದರೆ ಹಿರಿಯರೊಬ್ಬರು ಎರಡು ಹೋಳಾಗುತ್ತಿದ್ದರು. ಅದರಲ್ಲೊಂದು ಹೋಳು ಪಟ್ಟಣದೊಳಗೆ ನುಗ್ಗಿ, ಸಿಕ್ಕವರನ್ನೆಲ್ಲ ಜಗಲಿ ಹತ್ತಿಸುತ್ತಿತ್ತು. ಇಳಿಯುವಾಗ ಪ್ರತಿಯೊಬ್ಬರೂ ಒಂದು ಹಿಡಿ ಬೆಳಕು ಚೆಲ್ಲುವುದು ಅಲ್ಲಿನ ಪದ್ಧತಿ.

ಆದರೆ ಇನ್ನೊಬ್ಬರನ್ನು ನೋಡಿ ಇಳಿಯುವುದೆಂದರೆ ಅವರಿಗೆ ಮರ್ಯಾದೆಗೇಡು. ತೋಚಿದಾಗ, ತೋಚಿದ ಕಡೆಗೆ ಚೆಲ್ಲುತ್ತಿದ್ದರು. ಊರು ಬೆಚ್ಚಗಾಗುತ್ತಿತ್ತು, ಅಷ್ಟೇ.

ಮಾದೇವಿಗೆ ಇದು ಸಂಕಟ. ಕಂದಕದಾಚೆ ಅವಳ ತಂಗಿಯ ಊರಿನವರು ಕತ್ತಲಲ್ಲಿ ಸೇತುವೆ ಕಾಣದೆ ಹಸಿದು ಕೂತಿದ್ದರು. ಗೋಡೆಯಲ್ಲಿದ್ದ ತನ್ನ ಅಜ್ಜಿ ಹೋಳಾದ ದಿನ ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಜಗಲಿಯವರ ಮುಂದೆ ನಿಂತಳು.

"ಅಜ್ಜಿ ಜೀವ ಕೊಟ್ಟದ್ದು ನಾವು ಚಳಿ ಕಾಯಿಸಿಕೊಳ್ಳೋಕಾ? ಜಗಲಿ ಕೆಳಗಿರೋರು ಬಂದ ಬೆಳಕನ್ನ ನುಂಗ್ತಾರೆ. ಅದಕ್ಕೆ ಜಗಲಿ ಮೇಲಿನವರ ಸಂಖ್ಯೆ ಹೆಚ್ಚಾಗೋ ತನಕ ತಾಳಿ. ಪಕ್ಕದಲ್ಲಿ ಬೆಳಕು ಹಾದಾಗ ಅದರ ಜೊತೆಗೇ ಇಳೀರಿ, ಅದು ಹೋದ ಕಡೆಗೇ ಚೆಲ್ಲಿ."

ಗೊಣಗುತ್ತಲೇ ಒಪ್ಪಿದರು. ಒಂದು ಹಿಡಿ ಎರಡಾಯಿತು, ಎರಡು ನಾಲ್ಕಾಯಿತು. ಕನ್ನಡಿಗೆ ಬಡಿದು ಮರಳುವಷ್ಟರಲ್ಲಿ ಊರಿನ ಬೆಳಕೆಲ್ಲ ಒಂದೇ ಹೆಜ್ಜೆ ಹಾಕುತ್ತಿತ್ತು. ಮೂಡಲ ಕನ್ನಡಿಯ ಬೆಳ್ಳಿ ತೆಳು. ಅಲ್ಲಿಂದ ಒಂದೆಳೆ ಹೊರಗೆ ಸೋರಿತು.

ಪಟ್ಟಣದ ಮುದಿ ಯಜಮಾನನ ಹುಬ್ಬು ಗಂಟಿಕ್ಕಿತು. "ಮನೆಗೆ ಮಾರಿ, ಊರಿಗೆ ಉಪಕಾರಿ ಆಗೋದು ಬೇಡ. ನಮ್ಮ ಹಿರಿಯರ ಬೆಳಕು ಕಂಡವರ ಪಾಲಾಗಬಾರದು. ಬೆಳ್ಳಿ ದಪ್ಪಗೆ ಬಳೀರಿ."

ಬಳಿದರು. ಒಳಗೆ ಕಣ್ಣು ಕೋರೈಸುವ ಪ್ರಭೆ. ಮಾದೇವಿ ಮಾತ್ರ ಕನ್ನಡಿಗೆ ಹಣೆಯಿಟ್ಟು ಕೂತಳು. ಯಜಮಾನ ಹಿಗ್ಗಿ ಹೀರೇಕಾಯಿಯಾದ. ಇಂಥ ಪಟ್ಟಣ ದೂರದಿಂದ ಹೇಗೆ ಹೊಳೆಯುತ್ತದೋ ನೋಡಬೇಕೆಂದು ಒಬ್ಬನೇ ಹೊರಟು, ನೂರು ಹೆಜ್ಜೆ ನಡೆದು ತಿರುಗಿದ.

ಪಟ್ಟಣವೇ ಇರಲಿಲ್ಲ. ಎಲ್ಲೆಲ್ಲೂ ಕಾರ್ಗತ್ತಲು.

ತಡಕಾಡಿದ, ಎಡವಿದ, ಕೊನೆಗೆ ಕೂಗಿದ. "ಮಾದೇವಮ್ಮಾ, ಬಾಗಿಲು ಯಾವ ಕಡೆ?"

"ಬೆಳ್ಳಿ ಕೆರೀಲಾ, ಯಜಮಾನ್ರೇ?"

ಅವನು ಇನ್ನೊಮ್ಮೆ ಎಡವಿ ಮೊಣಕಾಲೂರಿ ಬಿದ್ದ. "ಬೇಗ ಕೆರಿ, ತಾಯಿ."

ಅವಳು ಉಗುರಿನಿಂದಲೇ ಕೆರೆದಳು. ಬೆಳಕು ನೆಟ್ಟಗೆ ಹೊರಟು, ಯಜಮಾನನ ತಲೆಯ ಮೇಲಿಂದ ಹಾದು ಸೇತುವೆಯ ಮೇಲೆ ಬಿತ್ತು. ಆಚೆಯವರು ಮಕ್ಕಳನ್ನೆತ್ತಿಕೊಂಡು ದಾಟಿ ಬಂದರು. ಮುಂದೆ ಮಾದೇವಿಯ ತಂಗಿ. ದಾರಿಯಲ್ಲಿ ಮೊಣಕಾಲು ತರಚಿಕೊಂಡು ಕೂತ ಮುದುಕನೊಬ್ಬ ಸಿಕ್ಕಿದ. ಪಾಪ, ಯಾವ ಕತ್ತಲೂರಿನವನೋ ಎಂದುಕೊಂಡು ಅವರು ಅವನ ಕೈಹಿಡಿದು ಬಾಗಿಲ ತನಕ ಕರೆತಂದರು. ಇವನಿಗೂ ಸ್ವಲ್ಪ ಜಾಗ ಕೊಡಿ ಎಂದು ಒಳಗಿನವರನ್ನು ಕೇಳಿಕೊಂಡರು.