ಪುಕ್ಕಟೆ ಕೌದಿ

ದಸರೆಯ ಮರುದಿನ ನಾನು ಸೂಜಿ ಕೆಳಗಿಡಬೇಕಾಗಿತ್ತು. ಸೊಸೆ ಪೂನಮಳ ಜೊತೆ ಆದ ಕರಾರು ಅದು, ಆಮೇಲೆ ಅವಳ ಅಂಗಡಿಗೆ ಓಣಿಯ ಹೆಂಗಸರು ಹೊಲಿಯುವುದು. ಐವತ್ತು ವರ್ಷ ಕೌದಿ ಹೊಲಿದಿದ್ದೇನೆ. ಎಲ್ಲವನ್ನೂ ತುದಿಗೆ ತುದಿ ಹಚ್ಚಿ ಹಾಸಿದರೆ ನಮ್ಮ ಇಚಲಕರಂಜಿಯಿಂದ ಕಾಶಿ ಮುಟ್ಟುತ್ತದೆ, ಅಲ್ಲಿ ಹೊದ್ದುಕೊಂಡು ಮಲಗಲು ಇನ್ನೊಂದು ಉಳಿಯುತ್ತದೆ. ಬಲಗೈ ಹೆಬ್ಬೆರಳು ಬಾತು ಬದನೆಕಾಯಿಯಾಗಿದೆ. ನೇಸರಿಯಲ್ಲಿ ನನ್ನ ಹಿರಿಯಕ್ಕ ಅಕ್ಕವ್ವ ಇದ್ದಾಳೆ, ನನ್ನಂತೆ ಅವಳಿಗೂ ಗಂಡನಿಲ್ಲ. ಅವಳ ಎಮ್ಮೆ ಈಯುವುದಿತ್ತು. ಗಿಣ್ಣ ತಿನ್ನುತ್ತ, ಕಟ್ಟೆಯ ಮೇಲೆ ಕಾಲು ಚಾಚಿ, ಹೋಗುವವರಿಗೂ ಬರುವವರಿಗೂ ಹೆಸರಿಡುತ್ತ ಉಳಿದ ದಿನ ಕಳೆಯೋಣ ಎಂದು ಇಬ್ಬರೂ ಗಟ್ಟಿ ಮಾಡಿಕೊಂಡಿದ್ದೆವು.

ಪೂನಮಳ ಅಂಗಡಿಗೆ ಬಾಗಿಲೂ ಇಲ್ಲ, ಗಲ್ಲೆಯೂ ಇಲ್ಲ. ಎಲ್ಲ ಮೊಬೈಲಿನೊಳಗೆ. ತೆರೆದರೆ ಮೊದಲು ನನ್ನ ಮುಖ, ಅದರ ಕೆಳಗೆ ‘ಪ್ರತಿಯೊಂದು ಕೌದಿಯೂ ಸುಶೀಲಾಬಾಯಿಯ ಕೈಯಿಂದ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಹೊರದೇಶದವರು ತೆರೆದರೆ ಬೆಲೆ ಡಾಲರಿನಲ್ಲಿ ಕಾಣುತ್ತದೆ, ನಮ್ಮವರು ತೆರೆದರೆ ರೂಪಾಯಿಯಲ್ಲಿ. ಪೂನಮ ಇದನ್ನು ದೊಡ್ಡ ಚಮತ್ಕಾರ ಎಂದು ತೋರಿಸಿದಾಗ ನಾನು ನಕ್ಕೆ. ಬೆಲ್ಲದ ವ್ಯಾಪಾರಿಯಾಗಿದ್ದ ನನ್ನ ಮಾವ ಕೊಂಕಣದವರಿಗೆ ಒಂದು ಬೆಲೆ, ಬೆಳಗಾವಿಯವರಿಗೆ ಒಂದು ಬೆಲೆ ಹೇಳುತ್ತಿದ್ದ. ಎಲ್ಲಕ್ಕಿಂತ ದುಬಾರಿ ಬೆಲೆ ಬೀಗರಿಗೆ. ಅವನಿಗೆ ಯಾವ ಆ್ಯಪೂ ಬೇಕಾಗಿರಲಿಲ್ಲ.

ಪೆಟ್ಟಿಗೆಯಲ್ಲಿ ಇನ್ನು ನಾಲ್ಕೇ ಕೌದಿ ಉಳಿದಿದ್ದವು. ಅವು ಬೇಗ ಹೋಗಲಿ ಎಂದು ಪೂನಮ ನವರಾತ್ರಿಯ ಮೊದಲ ದಿನ, ಘಟಸ್ಥಾಪನೆಯಂದು, ಇನ್ನೊಂದು ಆ್ಯಪು ತಂದು ಅಂಗಡಿಗೆ ಹಚ್ಚಿದಳು. ಎರಡು ಕೌದಿ ಕೊಂಡವರಿಗೆ ಒಂದು ಸಾವಿರ ಕಡಿಮೆ ಮಾಡುವುದಷ್ಟೇ ಅದರ ಕೆಲಸ. ನಾಲ್ಕು ಮುಗಿದ ಮೇಲೆ ಆರ್ಡರು ತೆಗೆದುಕೊಳ್ಳಬೇಡ ಎಂದು ಅಂಗಡಿಗೆ ಹೇಳಿಡಲು ಮಾತ್ರ ಮರೆತಳು. ಯಾವಾಗಲೂ ಪೆಟ್ಟಿಗೆ ಖಾಲಿಯಾದರೆ ಆರ್ಡರು ಬಂದ ಮೇಲೆ ನಾನು ಹೊಲಿಯುವುದು ಪದ್ಧತಿ, ಹಾಗಾಗಿ ಅವಳ ತಲೆಗೆ ಅದು ಬರಲಿಲ್ಲ.

ಮರುದಿನ ಮುಂಜಾನೆ ನಾನು ಚಹಾ ಕುಡಿಯುತ್ತಿದ್ದೆ. ಪೂನಮ ಮೊಬೈಲು ಹಿಡಿದು ಓಡಿ ಬಂದಳು.

“ಅತ್ತೀ, ಘಾತ ಆತ್ರೀ! ಹತ್ತೊಂಬತ್ತು ಆರ್ಡರ್ ಬಂದಾವ!”

“ಬಂದ್ರ ಛಲೋ ಆತಲ್ಲ. ಮಾರಿ ಯಾಕ ಹಿಂಗ ಮಾಡಿ? ಹಡದ ಮನಿಯಾಗ ಅತ್ತಂಗ ಆತು.”

“ಎಲ್ಲಾ ಪುಕ್ಕಟ ಹೋಗ್ಯಾವ್ರೀ! ಒಬ್ಬೊಬ್ರು ಎರಡೆರಡು ತಗೊಂಡಾರ. ಬರೇ ಪಾರ್ಸಲ್ ಖರ್ಚು ಕೊಟ್ಟಾರ.”

ಎರಡೆರಡರಂತೆ ಮೂವತ್ತೆಂಟು. ನಾನು ಒಂದು ಕೌದಿ ಹೊಲಿಯಲು ಒಂದು ತಿಂಗಳು ಬೇಕು. ಪೆಟ್ಟಿಗೆಯಲ್ಲಿದ್ದ ನಾಲ್ಕನ್ನು ಕಳೆದರೂ ಸುಮಾರು ಮೂರು ವರ್ಷ. ಎರಡನೇ ಇಯತ್ತೆ ಕಲಿತವಳಿಗೂ ಈ ಲೆಕ್ಕ ಬರುತ್ತದೆ. ಚಹಾ ಅಲ್ಲೇ ಬಿಟ್ಟು ಎದ್ದೆ.

ಮಗ ಅಮೋಲ ಮಗ್ಗದ ಕಾರ್ಖಾನೆಗೆ ಹೋಗಿಬಿಟ್ಟಿದ್ದ. ನಾನೂ ಪೂನಮಳೂ ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೊರಟೆವು. ಮೊಬೈಲಿನೊಳಗೆ ಅಂಗಡಿ ಕಟ್ಟಿಕೊಟ್ಟ ಹುಡುಗ ಹರ್ಷದ ಇರುವುದು ಅಲ್ಲಿ. ದಾರಿಯುದ್ದಕ್ಕೂ ಪೂನಮ ಮೊಬೈಲಿನಲ್ಲಿ ಆರ್ಡರುಗಳನ್ನು ಮತ್ತೆ ಮತ್ತೆ ಎಣಿಸಿದಳು. ಈ ಅಂಗಡಿಗಾಗಿ ಅವಳು ಬಟ್ಟೆ ಅಂಗಡಿಯ ನೌಕರಿ ಬಿಟ್ಟಿದ್ದಳು. ಅಲ್ಲಿ ಎಂಟು ವರ್ಷ ನಿಂತೇ ಸೀರೆ ಬಿಚ್ಚಿ ತೋರಿಸಿ, ಮಡಿಚಿ ಇಟ್ಟು, ಅವಳ ಕಾಲಿನ ನರಗಳು ಹಾಗಲಬಳ್ಳಿಯಂತೆ ಉಬ್ಬಿದ್ದವು.

ಹರ್ಷದನ ತಾಯಿ ಗಡಿಯ ದತ್ತವಾಡದವಳು, ಹಾಗಾಗಿ ಅವನಿಗೆ ನಮ್ಮ ಕನ್ನಡ ಬರುತ್ತದೆ. ಮೊಬೈಲು ನೋಡಿ ಅವನು ತಲೆ ಕೆರೆದುಕೊಂಡ.

“ಆಜಿ, ನಿಮ್ಮ ಅಂಗಡಿಗೆ ಡಾಲರ್ ತಿಳೀತೈತಿ. ಈ ಹೊಸಾ ಆ್ಯಪಿಗೆ ತಿಳ್ಯಾಂಗಿಲ್ಲ. ಅದು ಬರೇ ಸಾವಿರ ಅಂತ ಓದತೈತಿ. ರೂಪಾಯಿ ಗಿರಾಕಿಗೆ ಸಾವಿರ ರೂಪಾಯಿ ಕಡಿಮಿ ಮಾಡತೈತಿ, ಡಾಲರ್ ಗಿರಾಕಿಗೆ ಸಾವಿರ ಡಾಲರ್. ಎರಡು ಕೌದಿಗೆ ಇರೂದ ನೂರಾಐವತ್ತು ಡಾಲರ್. ಉಳಿಯೂದೇನ? ಶೂನ್ಯ.”

“ಹಂಗಾರ ಬಾಕಿ ಎಂಟನೂರಾಐವತ್ತು ಡಾಲರ್ ನಾವ ಅವರಿಗೆ ಕೊಡಬೇಕೇನೋ ತಮ್ಮಾ?”

“ಇಲ್ಲ ಆಜಿ, ಅಷ್ಟು ಕೆಟ್ಟಿಲ್ಲ.”

“ಎರಡಕ್ಕೂ ಹೊಂದತೈತೋ ಇಲ್ಲೋ ಮೊದಲ ನೋಡಬಾರದಿತ್ತ? ಕುಂಡಲಿ ನೋಡಲಾರದ ಲಗ್ನಾ ಮಾಡೀರಿ ನೀವು. ಒಂದು ಡಾಲರ್ ಮಾತಾಡತೈತಿ, ಇನ್ನೊಂದಕ್ಕ ರೂಪಾಯಿ ಬಿಟ್ರ ಏನೂ ತಿಳ್ಯಾಂಗಿಲ್ಲ. ಸಂಸಾರ ಹೆಂಗ ನಡೀಬೇಕು?”

ಹರ್ಷದ ನಕ್ಕ. ಪೂನಮ ನಗಲಿಲ್ಲ. “ಎಲ್ಲಾ ಕ್ಯಾನ್ಸಲ್ ಮಾಡಿದ್ರ?” ಎಂದು ಕೇಳಿದಳು.

“ನೀವ ಮಾಡಿದ್ರ ಗಿರಾಕಿ ಕಡಿಂದ ರೊಕ್ಕಾ ತಗೊಂಡು ನಿಮಗ ಮುಟ್ಟಸೂ ಕಂಪನಿ ಸಂಶಯ ಪಡತೈತಿ, ತಾಯಿ. ಒಂದ ದಿನಾ ಹತ್ತೊಂಬತ್ತು ಆರ್ಡರ್ ರದ್ದಾದ್ರ, ಇವರು ಮೋಸಾ ಮಾಡೂ ಮಂದಿ ಅಂತ ಖಾತೆ ಬಂದ್ ಮಾಡತಾರ. ಆಮ್ಯಾಲ ಅಂಗಡಿ ಇದ್ರೂ ಇಲ್ಲದಂಗ. ಗಿರಾಕಿ ತಾವಾಗಿ ಬ್ಯಾಡ ಅಂದ್ರ ಮಾತ್ರ ಏನೂ ಆಗೂದಿಲ್ಲ.”

ಅವನು ಆ ಆ್ಯಪನ್ನು ಅಲ್ಲೇ ಕಿತ್ತುಹಾಕಿದ. ಎಲ್ಲ ದೇಶದ ದುಡ್ಡೂ ತಿಳಿಯುವ ಇನ್ನೊಂದನ್ನು ಹುಡುಕಿ, ಎರಡು ಸಲ ಪರೀಕ್ಷೆ ಮಾಡಿ ಹಚ್ಚಿದ. ಕಳ್ಳ ಹೋದ ಮೇಲೆ ನಾಯಿ ಸಾಕಿದಂತಾಯಿತು.

ಬಸ್ಸಿನಲ್ಲಿ ಬರುವಾಗ ನಾನೇ ಬಾಯಿ ಬಿಟ್ಟೆ.

“ಪೂನಮ, ನಮ್ಮಾಗ ಹೆಣಾ ಕುಂದರಿಸೇ ಮಣ್ಣು ಮಾಡತಾರ. ಹೆಂಗೂ ಕುಂತಿರತೇನಿ. ಕೈಯಾಗ ಸೂಜಿ ದಾರ ಕೊಟ್ಟಬಿಡ್ರಿ, ಒಳಗ ಕುಂತ ಹೊಲದು ಮುಗಸತೇನಿ.”

“ಅತ್ತೀ, ಸುಮ್ಮನಿರ್ರಿ.” ಅವಳ ಕಣ್ಣು ತುಂಬಿತು. “ನೀವು ನೇಸರಿಗಿ ಹೋಗೇ ಹೋಗ್ರಿ. ಒಂದೊಂದು ಗಿರಾಕಿಗೆ ನಾನ ಕೈ ಮುಗದು ಬರೀತೇನಿ.”

“ನಿನ್ನ ಇಂಗ್ಲಿಷ್ ಕಾಗದ ಯಾರ ಓದತಾರ? ಅಂಗಡಿ ಮ್ಯಾಲ ಮಾರಿ ನಂದೈತಿ. ಬೇಡಿಕೊಳ್ಳೂದೂ ನಂದ ಮಾರಿ ಇರಲಿ. ಮೊಬೈಲ್ ಹಿಡಿ, ವಿಡಿಯೋದಾಗ ನಾ ಮಾತಾಡತೇನಿ. ಕೆಳಗ ನೀ ಇಂಗ್ಲಿಷಿನ್ಯಾಗ ಬರಿ.”

ಮನೆಗೆ ಬಂದವಳೇ ಹಸಿರು ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ಕೌದಿಯ ಮೇಲೆ ಕುಳಿತೆ. ಪೂನಮ ಮೊಬೈಲು ಎತ್ತಿದಳು.

“ನೋಡ್ರಿಪಾ, ನಾನು ಸುಶೀಲಾಬಾಯಿ. ಎರಡೆರಡು ಕೌದಿ ಪುಕ್ಕಟ ತಗೊಂಡೀರಿ. ನಿಮ್ಮ ತಪ್ಪಿಲ್ಲ. ಪುಕ್ಕಟ ಸಿಕ್ರ ನಾನೂ ನಾಕು ಹೊತಗೊಂಡು ಓಡತಿದ್ದೆ. ನಮ್ಮ ಅಂಗಡಿ ಆ್ಯಪಿಗೂ ಬೆಲಿ ಕಡಿಮಿ ಮಾಡೂ ಆ್ಯಪಿಗೂ ಹೊಂದಾಣಿಕಿ ಆಗಲಿಲ್ಲ, ಅದಕ್ಕ ಹಿಂಗಾತು. ನನಗ ತೊಂಬತ್ತೆಂಟು ವರ್ಷ. ಹತ್ತು ಬೆರಳಾಗ ಆರ ಉಳದಾವ.”

“ಅತ್ತೀ!” ಪೂನಮ ಪಿಸುಗುಟ್ಟಿದಳು. “ನಿಮಗ ಎಪ್ಪತ್ತೊಂದು. ಬೆರಳು ಹತ್ತೂ ಕಾಣಾಕತ್ತಾವ!”

ನಾನು ನಾಲ್ಕು ಬೆರಳು ಮಡಿಚಿಕೊಂಡೆ. “ದಯಮಾಡಿ ನೀವ ಬ್ಯಾಡ ಅನ್ರಿ. ನೀವ ಬ್ಯಾಡ ಅಂದ್ರ ನನ್ನ ಸೊಸಿ ಅಂಗಡಿ ಉಳೀತೈತಿ.”

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಬೇಡುವಾಗ ಸ್ವಲ್ಪ ಅಳಬೇಕು ಎಂದು ಅಳತೊಡಗಿದೆ, ಅಳುವಿಗೆ ರಾಗ ಬಂತು. ನಮ್ಮ ಓಣಿಯಲ್ಲಿ ಯಾರೇ ಸತ್ತರೂ ಹಾಡಿ ಅಳಲು ನನ್ನನ್ನೇ ಕರೆಯುತ್ತಾರೆ. ರಾಗ ಬಂದ ಮೇಲೆ ಮಾತು ನನ್ನ ಕೈಯಲ್ಲಿ ಇರುವುದಿಲ್ಲ.

“ಈ ಸೂಜಿನ ನನ್ನ ಗಂಡ, ಈ ಸೂಜಿನ ನನ್ನ ದೇವರು! ಸೂಜಿ ನಡದ್ರ ನನ್ನ ಉಸಿರು ನಡೀತೈತಿ, ಸೂಜಿ ನಿಂತ್ರ ನನ್ನ ಉಸಿರು ನಿಲ್ಲತೈತಿ ನನ್ನಪ್ಪಗೋಳ್ರ್ಯಾ!”

ಹೇಳಿ ಮುಗಿಸಿ ಕಣ್ಣೊರೆಸಿಕೊಂಡಾಗ ನನಗೇ ನನ್ನ ಮೇಲೆ ಅಭಿಮಾನ ಬಂತು. ಕಲ್ಲೂ ಕರಗಬೇಕು, ಹಾಗೆ ಅತ್ತಿದ್ದೆ.

“ಎಲ್ಲಾ ಬರದ್ಯಾ?”

“ಒಂದಕ್ಷರ ಬಿಟ್ಟಿಲ್ರೀ,” ಎಂದಳು ಪೂನಮ.

ಮೂರು ದಿನದಲ್ಲಿ ಹತ್ತೊಂಬತ್ತೂ ಜನರ ಉತ್ತರ ಬಂತು. ಇಬ್ಬರು ಪುಣ್ಯವಂತರು ಬೇಡ ಎಂದರು. ಉಳಿದ ಹದಿನೇಳು ಜನರದನ್ನು ಪೂನಮ ಒಂದೊಂದಾಗಿ ಓದಿ ಹೇಳಿದಳು.

“ಅತ್ತೀ, ಇವ್ರು ಆಸ್ಟ್ರೇಲಿಯಾದವರು. ‘ಅಜ್ಜಿಯ ಸೂಜಿ ನಿಲ್ಲಬಾರದು, ನಾವು ಪೂರಾ ರೊಕ್ಕಾ ಕೊಡತೇವಿ’ ಅಂದಾರ. ಕೊಟ್ಟೂ ಬಿಟ್ಟಾರ! ಇವ್ರು ಕೆನಡಾ. ‘ಎಷ್ಟು ವರ್ಷ ಆದ್ರೂ ಕಾಯತೇವಿ, ಅಜ್ಜಿ ಬದಕಿರಲಿ.’ ಎಲ್ಲಾರೂ ಹಿಂಗ ಬರದಾರ್ರೀ. ಅಂಗಡಿ ಉಳೀತು!”

ಅವಳು ನನ್ನ ಕಾಲು ಮುಟ್ಟಿದಳು. ನಾನು ಆಶೀರ್ವಾದ ಮಾಡುವುದನ್ನು ಮರೆತು ಕುಳಿತೆ. ಹದಿನೇಳು ಎರಡಲೇ ಮೂವತ್ತನಾಲ್ಕು, ಪೆಟ್ಟಿಗೆಯ ನಾಲ್ಕನ್ನು ಕಳೆದರೆ ಮೂವತ್ತು. ಬಯ್ದಿದ್ದರೆ ಬಯ್ದು ಬಿಡಿಸಿಕೊಳ್ಳುತ್ತಿದ್ದೆ. ಮೋಸ ಮಾಡಿದ್ದರೆ ಶಾಪ ಹಾಕುತ್ತಿದ್ದೆ. ಒಳ್ಳೆಯವರ ಕೈಯಿಂದ ತಪ್ಪಿಸಿಕೊಳ್ಳುವ ದಾರಿ ನನಗೆ ಯಾರೂ ಕಲಿಸಿಲ್ಲ.

“ಓಣ್ಯಾಗಿನ ಬಾಯಂದಿರು ಹೊಲದ್ರ ನಡ್ಯಾಂಗಿಲ್ಲೇನ?” ಎಂದೆ ಮೆಲ್ಲಗೆ.

“ನಿಮ್ಮ ಕೈಯಾಂದ ಅಂತ ಬರದೇವಲ್ರೀ. ಮತ್ತ ನಿಮ್ಮ ಉಸಿರು ನಡೀಲಿ ಅಂತ ರೊಕ್ಕಾ ಕೊಟ್ಟಾರ.” ನನ್ನ ಮುಖ ನೋಡಿ ಅವಳ ಸಂತೋಷ ಇಳಿಯಿತು. “ಅತ್ತೀ, ನಿಮಗ ಆಗೂದಿಲ್ಲಂದ್ರ ಹೇಳ್ರಿ. ರೊಕ್ಕಾ ವಾಪಸ್ ಕೊಟ್ಟು ಅಂಗಡಿ ಮುಚ್ಚತೇನಿ. ಸೀರಿ ಅಂಗಡ್ಯಾಗ ಇನ್ನೂ ಜಾಗಾ ಐತಂತ.”

ಕೋಪದಿಂದ ಅಂದಿದ್ದರೆ ನೇಸರಿ ಬಸ್ಸು ಹತ್ತುತ್ತಿದ್ದೆ. ಅವಳು ಮನಸ್ಸಿನಿಂದ ಅಂದಳು. ಕುಳಿತಲ್ಲೇ ಕಾಲು ಒತ್ತಿಕೊಳ್ಳುತ್ತ ಅಂದಳು.

“ಹುಚ್ಚಿ, ಮೂವತ್ತು ಏನ ಮಹಾ? ಒಂದು ಶ್ರಾವಣದಾಗ ನೂರು ಹೊಲದಾಕಿ ನಾನು,” ಎಂದೆ. ಬಾಯಿ ತನ್ನ ಚಟ ಬಿಡಲಿಲ್ಲ.

ದಸರೆಯ ಮರುದಿನ ಅಕ್ಕವ್ವ ಫೋನು ಮಾಡಿದಳು.

“ಎಮ್ಮಿ ಈದೈತಿ. ಬಸ್ ಹತ್ತಿದ್ಯೋ ಇಲ್ಲೋ?”

“ಇಲ್ಲವಾ. ಕೌದಿ ಅದಾವು.”

“ಬಿಟ್ಟ ಬಾ.”

“ಬಿಟ್ರ ಸಾಯತೇನಿ ಅಂತ ಹೇಳಿಬಿಟ್ಟೇನಿ.”

“ಯಾರ ಮುಂದ?”

“ಜಗತ್ತಿನ ಮುಂದ.”

ಎಲ್ಲವನ್ನೂ ಹೇಳಿದೆ. ಅಕ್ಕವ್ವ ಕೆಮ್ಮು ಬರುವ ತನಕ ನಕ್ಕಳು. ಬಾಯಿಗೆ ಬೀಗ ಹಾಕಿಸಿಕೋ ಎಂದಳು, ನಿನ್ನ ಗಂಡ ನಿನ್ನ ಸುಳ್ಳು ಕೇಳಿಯೇ ಬೇಗ ಹೋದ ಎಂದಳು. ಆ ಕಡೆ ಎಮ್ಮೆ ಕೂಗಿದ್ದು ಕೇಳಿಸಿತು.

“ಎರಡೂವರಿ ವರ್ಷ ಅಂದ್ಯಲ್ಲ ಸುಶೀ, ನನಗ ಎಪ್ಪತ್ತೆಂಟು,” ಎಂದಳು.

ಏನಾದರೊಂದು ಚೇಷ್ಟೆಯ ಮಾತು ಹುಡುಕುತ್ತಿದ್ದೆ.

“ದೀಪಾವಳಿ ಹಬ್ಬಕ್ಕರ ಎರಡು ದಿನಾ ಬಾ,” ಎಂದು ಅವಳೇ ಫೋನು ಇಟ್ಟಳು.

ಪೂನಮ ಬಂದು ನನ್ನ ಎದುರು ಕುಳಿತು ಮೊಬೈಲು ಎತ್ತಿದಳು. ಗಿರಾಕಿಗಳು ವಾರಕ್ಕೊಮ್ಮೆ ನನ್ನನ್ನು ನೋಡಬೇಕಂತೆ.

“ಅತ್ತೀ, ಸೂಜಿ ಹಿಡೀರಿ. ಅಜ್ಜಿ ಅರಾಮ ಅದಾರೇನು ಅಂತ ಕೇಳಾಕತ್ತಾರ.”

“ಅರಾಮ ಅದಾಳ ಅಂತ ಬರಿ,” ಎಂದೆ. ಕಿಟಕಿಯ ಬೆಳಕಿಗೆ ತಿರುಗಿ ಸೂಜಿಗೆ ದಾರ ಪೋಣಿಸಿದೆ. ಮೂರನೇ ಸಲಕ್ಕೆ ಹೋಯಿತು.