ನಮಸ್ಕಾರ ಹೇಳಿ ಹುಡುಕುವವರು

ನಿನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ, "ಊರಿನವರ ಹೊಟ್ಟೆನೋವು ಕಾಯೋದು" ಎನ್ನುತ್ತೇನೆ. ತಮಾಷೆಯಲ್ಲ. ನಗರದ ಆರೋಗ್ಯ ಕಚೇರಿಯಲ್ಲಿ ಕೂತು, ಜನ ತಮ್ಮ ಫೋನಿನಲ್ಲಿ ಯಾವ ಕಾಯಿಲೆಯ ಬಗ್ಗೆ ಹುಡುಕುತ್ತಿದ್ದಾರೆ ಎಂದು ನೋಡುವುದೇ ನನ್ನ ಉದ್ಯೋಗ. ಹೆಸರು, ನಂಬರು ನಮಗೆ ಬರುವುದಿಲ್ಲ. ಯಾವ ಬಡಾವಣೆ, ಏನು ಕೇಳಿದರು, ಅಷ್ಟೇ. ಒಂದೇ ಬಗೆಯ ಪ್ರಶ್ನೆ ಹೆಚ್ಚಾದರೆ ಪರದೆಯ ಮೇಲೆ ಗೆರೆ ಏರುತ್ತದೆ. ಜನ ಆಸ್ಪತ್ರೆ ಸೇರುವ ಮೊದಲೇ ರೋಗದ ಸುಳಿವು ಸಿಗಲಿ ಎಂಬ ಲೆಕ್ಕಾಚಾರ.

ಲೆಕ್ಕಾಚಾರ ಕೈಕೊಡುವುದೂ ಉಂಟು. ಹಿಂದೊಮ್ಮೆ ಧಾರಾವಾಹಿಯ ನಾಯಕಿಗೆ ಕಾಮಾಲೆ ಬಂತು, ಊರಿಗೆ ಊರೇ ಕಾಮಾಲೆಯ ಬಗ್ಗೆ ಹುಡುಕಿತು, ಕಚೇರಿ ವೈದ್ಯರ ತಂಡವನ್ನೇ ಓಡಿಸಿತು. ಅಂದಿನಿಂದ ಗೆರೆ ಏರಿದರೆ ಸಾಕು, ಸಾಹೇಬರು "ಇವತ್ತು ಯಾವ ನಾಯಕಿಗಮ್ಮಾ?" ಎಂದು ಕಾಲೆಳೆಯುತ್ತಾರೆ.

ಆ ಬೆಳಿಗ್ಗೆ ಏರಿದ್ದು ವಾಂತಿಭೇದಿಯ ಗೆರೆ, ಅದೂ ಹಳೇ ನೀರಿನ ಟ್ಯಾಂಕಿನ ಬಡಾವಣೆಯಲ್ಲಿ. ನನ್ನನ್ನು ಸಾಕಿದ ದೊಡ್ಡಮ್ಮ, ದೊಡ್ಡಪ್ಪ ಇರುವುದು ಅಲ್ಲೇ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಕಿಡ್ನಿಯೂ ಸೋತಿದೆ. ಭೇದಿಗೀದಿ ಆದರೆ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ, ಜೀವಕ್ಕೇ ಅಪಾಯ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ತಕ್ಷಣ ಫೋನು ಮಾಡಿದೆ.

"ನಮಗೇನಾಗಿದೆಯೇ? ಗುಂಡುಕಲ್ಲಿನ ಹಾಗಿದ್ದೀವಿ. ನೀನು ತಿಂಡಿ ತಿಂದ್ಯಾ?" ಎಂದರು ದೊಡ್ಡಮ್ಮ.

"ದೊಡ್ಡಪ್ಪ ಎಲ್ಲಿ?"

"ಪೇಪರ್ ಓದ್ತಾ ಹಾಗೇ ನಿದ್ದೆ ಹೋಗಿದಾರೆ. ಇಡ್ತೀನಿ, ಹೊಲಿಯೋ ಬಟ್ಟೆ ರಾಶಿ ಬಿದ್ದಿದೆ."

ವಾಂತಿಭೇದಿ ಎಂದರೆ ಮೊದಲ ಅನುಮಾನ ಕುಡಿಯುವ ನೀರಿನ ಮೇಲೆ. ಆದರೆ ಟ್ಯಾಂಕಿನ ನೀರು ನಿಲ್ಲಿಸಿದರೆ ಇಡೀ ಬಡಾವಣೆ ಕಚೇರಿಯ ಬಾಗಿಲಿಗೆ ಬಂದು ಕೂಗಾಡುತ್ತದೆ. ಸಾಹೇಬರಿಗೆ ಆ ಚಿಂತೆ. "ನಿಮ್ಮ ದೊಡ್ಡಮ್ಮನೇ ಚೆನ್ನಾಗಿದೀವಿ ಅಂದ್ರಲ್ಲ. ಯಾವ್ದೋ ಶಾಲೇಲಿ ಪಾಠ ಕೊಟ್ಟಿರ್ತಾರೆ, ಮಕ್ಕಳು ಹುಡುಕ್ತಿರ್ತವೆ. ಸಂಜೆವರೆಗೂ ನೋಡೋಣ" ಎಂದರು. ನಿಜ ಹೇಳಬೇಕೆಂದರೆ, ಅವರ ಮಾತನ್ನು ನಂಬಲು ನನಗೂ ಆಸೆಯಿತ್ತು.

ಆದರೂ ಮನಸ್ಸು ಕೇಳದೆ ಪ್ರಶ್ನೆಗಳನ್ನು ಒಂದೊಂದಾಗಿ ಓದತೊಡಗಿದೆ. ಕುತೂಹಲಕ್ಕೆ ಹುಡುಕುವವರು ರೋಗ ಏಕೆ ಬರುತ್ತದೆ ಎಂದು ಕೇಳುತ್ತಾರೆ. ಮನೆಯಲ್ಲಿ ರೋಗಿಯಿದ್ದವರು ಈಗ ಏನು ಕೊಡಲಿ ಎಂದು ಕೇಳುತ್ತಾರೆ. ಇಲ್ಲಿದ್ದವೆಲ್ಲ ಎರಡನೆಯ ಬಗೆಯವು. ಮಗು ನೀರು ಕುಡಿದರೂ ಕಕ್ಕುತ್ತಿದೆ. ಹತ್ತಿರದ ಔಷಧಿ ಅಂಗಡಿ ತೆರೆದಿದೆಯೇ. ಅದರ ಕೆಳಗೆ ಇದು:

"ನಮಸ್ಕಾರ. ನಮ್ಮ ಯಜಮಾನರಿಗೆ ನಿನ್ನೆಯಿಂದ ಭೇದಿ ನಿಂತಿಲ್ಲ. ಸಕ್ಕರೆ ಕಾಯಿಲೆ ಇದೆ. ಉಪ್ಪು ಸಕ್ಕರೆ ನೀರು ಕೊಡಬಹುದೇ? ದಯವಿಟ್ಟು ತಿಳಿಸಿ."

ಹುಡುಕುವಾಗಲೂ ನಮಸ್ಕಾರ ಹೇಳುವವರು ನಾನು ಕಂಡಂತೆ ಒಬ್ಬರೇ, ನಮ್ಮ ದೊಡ್ಡಮ್ಮ. ಫೋನು ಕಲಿಸಿಕೊಟ್ಟ ದಿನ ನಾನು ನಕ್ಕಿದ್ದಕ್ಕೆ, "ಕೇಳೋರು ನಾವು, ಒಂದು ಮರ್ಯಾದೆ ಬೇಡ್ವೇನೇ?" ಎಂದು ನನ್ನನ್ನೇ ಗದರಿಸಿದ್ದರು.

ಸಾಹೇಬರನ್ನು ಕರೆದು ತೋರಿಸಿದೆ.

"ಗುಂಡುಕಲ್ಲು ಅಂದ್ರಲ್ಲಮ್ಮ?"

"ನನಗೆ ಹಾಗಂದ್ರು ಸಾರ್. ಫೋನಿಗೆ ನಿಜ ಹೇಳಿದಾರೆ."

ಅವರು ಆ ಸಾಲನ್ನು ಮತ್ತೊಮ್ಮೆ ಓದಿದರು. ನಾಯಕಿಯ ಮಾತೆತ್ತಲಿಲ್ಲ. ಫೋನೆತ್ತಿ ಟ್ಯಾಂಕಿನ ನೀರು ನಿಲ್ಲಿಸಲು ಹೇಳಿದರು, ವೈದ್ಯರನ್ನು ಕಳಿಸಿದರು. "ನೀನಿನ್ನೂ ಇಲ್ಲೇ ನಿಂತಿದ್ದೀಯಲ್ಲ, ಹೊರಡು!" ಎಂದು ನನ್ನನ್ನೂ ಅಟ್ಟಿದರು.

ಹೋಗಿ ನೋಡಿದರೆ ಹೊಲಿಗೆ ಮೆಷಿನ್ನಿನ ಪಕ್ಕದ ಮಂಚದಲ್ಲಿ ದೊಡ್ಡಪ್ಪ ತುಟಿ ಒಣಗಿಸಿಕೊಂಡು ಮಲಗಿದ್ದರು. ಕರೆದರೆ ಕಣ್ಣು ಮಾತ್ರ ತೆರೆದರು. ಅಷ್ಟರಲ್ಲಿ ಸಾಹೇಬರು ಕಳಿಸಿದ್ದ ಆಂಬ್ಯುಲೆನ್ಸ್ ಬಂತು.

"ಯಾರೇ ನಿಂಗೆ ಹೇಳಿದ್ದು?" ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಕೇಳಿದರು.

"ನೀವೇ" ಎಂದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಸಿಟ್ಟು ಹೊರಬಿತ್ತು. "ಅಲ್ಲಾ ದೊಡ್ಡಮ್ಮ, ನನಗೊಂದು ಮಾತು ಹೇಳೋಕೇನಾಗಿತ್ತು?"

"ಕೆಲಸ ಬಿಟ್ಟು ಓಡಿ ಬರ್ತೀಯ ಅಂತ."

"ಮತ್ತೆ ಫೋನು ಏನು ಹೇಳ್ತು?"

"ಡಾಕ್ಟರ ಹತ್ರ ಹೋಗಿ ಅಂತು. ಅದು ನಂಗೆ ಗೊತ್ತಿರಲಿಲ್ವಾ?" ಎಂದು ಮುಖ ಊದಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ.

ಸಂಜೆ ಡ್ರಿಪ್ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಕಣ್ಣು ಬಿಟ್ಟು, "ನನ್ನ ಕನ್ನಡಕ ಎಲ್ಲಿ ಹಾಕಿದ್ರಿ?" ಎಂದು ಗದರಿದರು. ಹೋದ ಜೀವ ಬಂದ ಹಾಗಾಯಿತು. ಅವರ ಬೈಗುಳ ಕೇಳಿ ನಾವಿಬ್ಬರೂ ಅತ್ತೆವು, ಆಮೇಲೆ ನಕ್ಕೆವು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಚರಂಡಿಯ ಪಕ್ಕ ಒಡೆದಿದ್ದ ಟ್ಯಾಂಕಿನ ನೀರಿನ ಪೈಪು ಸಿಕ್ಕಿತು. ಹಾಸಿಗೆ ಹಿಡಿದಿದ್ದ ಮಕ್ಕಳೂ ಒಬ್ಬೊಬ್ಬರಾಗಿ ಎದ್ದು ಓಡಾಡಿದರು.

ಮುಂದಿನ ವಾರ ಗೆರೆ ನೆಲ ಹಿಡಿದಿತ್ತು. ಸಾಹೇಬರು ನನ್ನನ್ನು ಪರದೆಯ ಮುಂದೆ ಕರೆದು, "ಇದನ್ನ ಯಾವ ಕಾಯಿಲೆ ಲೆಕ್ಕಕ್ಕೆ ಹಾಕ್ಲಮ್ಮಾ?" ಎಂದರು. ಟ್ಯಾಂಕಿನ ಬಡಾವಣೆಯಿಂದ ಬಂದಿತ್ತು:

"ನಮಸ್ಕಾರ. ಭೇದಿ ನಿಂತು ನಮ್ಮ ಯಜಮಾನರು ಮನೆಗೆ ಬಂದರು. ತಮ್ಮಿಂದ ತುಂಬಾ ಉಪಕಾರವಾಯಿತು."

ಹುಡುಕುವ ಡಬ್ಬಿಗೆ ಧನ್ಯವಾದ ಹೇಳಿದರೆ ಉತ್ತರ ಯಾರು ಕೊಡಬೇಕು? ಹೊರಗೆ ಬಂದು ದೊಡ್ಡಮ್ಮನಿಗೆ ಫೋನು ಮಾಡಿದೆ.

"ನಮಸ್ಕಾರ" ಎಂದೆ.

"ಇದೇನೇ ಹೊಸದು, ನಮಸ್ಕಾರ?" ದೊಡ್ಡಮ್ಮ ಗಾಬರಿಯಾದರು. "ಹುಷಾರಾಗಿದ್ದೀಯ ತಾನೇ? ನಿಜ ಹೇಳು."